ಅಕ್ಕಿಕಾಳು ಬಿದ್ದ ಮೇಲೆ ಫೋಟೋ ಮುಗಿಯೋತನಕ ಮಂದೀನ ಹೆಂಗ ಹಿಡಿದು ಕೂಡ್ರಿಸೋದು?

ಕೋಟೆಬಾಗಿಲು_ಕೊಪ್ಪಳ
ಮೇ ತಿಂಗಳ ಮದುವಿ, ಕೊಪ್ಪಳದಾಗ. ಮುಹೂರ್ತ 12:10. ಅಂದಾಜು 800 ಮಂದಿ. ಊಟದ ಹಾಲಿನಾಗ ಒಂದು ಪಂಕ್ತಿಗೆ 200 ಎಲಿ. ಅಕ್ಕಿಕಾಳು ಬಿದ್ದ ಕೂಡಲೇ ಜೋಡಿ ಫೋಟೋ, ಮನಿ ಮಂದಿ ಫೋಟೋ ಅಂತ 45 ನಿಮಿಷ ಬೇಕು ಅಂತಾರ ಫೋಟೋದವರು. ಆ ಹೊತ್ತಿಗೆ ಕೂತ ಮಂದಿಗೆ ಬ್ಯಾಸರ ಆಗದಂಗ ಏನಿಡಬೇಕು? ಆರ್ಕೆಸ್ಟ್ರಾ ಇಡ್ರಿ ಅಂತ ಒಂದು ಕಡೆ, ಡೊಳ್ಳು ಕರಸ್ರಿ ಅಂತ ಇನ್ನೊಂದು ಕಡೆ. ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಮಂಟಪದ_ಉಸ್ತುವಾರಿ
ಏನಿಡಬೇಕು ಅನ್ನೋದಕ್ಕಿಂತ ಮೊದಲು ಯಾರು ಕಾಯುತ್ತಾರೆ ಅಂತ ಲೆಕ್ಕ ಹಾಕಿ. ನಮ್ಮ ಕಡೆ ಅಕ್ಷತೆ ಬಿದ್ದ ತಕ್ಷಣ ಅರ್ಧ ಮಂದಿ ಊಟದ ಹಾಲಿನ ಬಾಗಿಲಿಗೇ ಹೋಗುತ್ತಾರೆ. ಎಲೆ ಹಾಕಿ, ಬಡಿಸಿ, ಉಂಡು, ಎತ್ತಿ ಒರೆಸುವುದಕ್ಕೆ ಒಂದು ಪಂಕ್ತಿಗೆ 25ರಿಂದ 30 ನಿಮಿಷ. ಅಂದರೆ 45 ನಿಮಿಷದಲ್ಲಿ ಒಂದೂವರೆ ಪಂಕ್ತಿ, ಸುಮಾರು 300 ಜನ. ಉಳಿದ 500 ಜನ ಮದುವೆ ಹಾಲಿನಲ್ಲೇ.

ಇನ್ನು ಜೋಡಿ ವೇದಿಕೆಗೆ ವಾಪಸು ಬಂದ ಮೇಲಿನ ಲೆಕ್ಕ ಯಾರೂ ಹಾಕುವುದಿಲ್ಲ. 800 ಜನ, ನಾಲ್ವರಿಗೊಂದು ಗುಂಪು ಅಂದರೆ 200 ಗುಂಪು. ಮೇಲೆ ಹತ್ತಿ, ಕೈ ಕೊಟ್ಟು, ಕ್ಯಾಮೆರಾ ನೋಡಿ, ಇಳಿಯಲು 25 ಸೆಕೆಂಡು. 5000 ಸೆಕೆಂಡು, ಅಂದರೆ 83 ನಿಮಿಷ. ನಿಮ್ಮ 45 ನಿಮಿಷ ಇದಕ್ಕೆ ಕೂಡಿಸಿದರೆ ಎರಡು ತಾಸು ದಾಟಿತು. ಕೊನೆಯ ಗುಂಪು ವೇದಿಕೆ ಇಳಿಯುವಾಗ ಎರಡೂವರೆ ಗಂಟೆ. ಹಳ್ಳಿ ಬಸ್ಸು ಹಿಡಿಯುವವರು ಅಷ್ಟೊತ್ತಿಗೆ ‘ಮುಯ್ಯಿ ಯಾರ ಕೈಗಾದ್ರೂ ಕೊಟ್ಟು ಬರ್ರಿ’ ಅಂತ ಹೊರಟಿರುತ್ತಾರೆ. ಸಿಟ್ಟು ಬರುವುದು ಮನರಂಜನೆ ಇಲ್ಲ ಅಂತಲ್ಲ. ಬಂದ ಕೆಲಸ ಮುಗಿಸಿ ಹೋಗಲು ಆಗಲಿಲ್ಲ ಅಂತ.

ಹಾಗಾಗಿ ಆ ಹೊತ್ತಿನಲ್ಲೇ ಮುಯ್ಯಿ ಬರೆಸುವ ಕೆಲಸ ಮುಗಿಸಿ. ಒಂದು ಮೇಜು ಸಾಲದು, ಮೂರು ಹಾಕಿ. ಹೆಸರು, ಊರು, ಮೊತ್ತ ಕೇಳಿ ಬರೆಯಲು ಒಂದಕ್ಕೆ 35 ಸೆಕೆಂಡು ಹಿಡಿದರೆ 200 ಗುಂಪು ಮೂರು ಮೇಜಿನಲ್ಲಿ 39 ನಿಮಿಷಕ್ಕೆ ಮುಗಿಯುತ್ತದೆ. ಪ್ರತಿ ಮೇಜಿಗೆ ಬರೆಯುವವರು ಒಬ್ಬರು, ಹಣ ಎಣಿಸಿ ಚೀಲಕ್ಕೆ ಹಾಕುವವರು ಇನ್ನೊಬ್ಬರು. ಎರಡೂ ಒಬ್ಬರೇ ಮಾಡಿದರೆ ಸಂಜೆ ಪುಸ್ತಕಕ್ಕೂ ಚೀಲಕ್ಕೂ ಹೊಂದುವುದಿಲ್ಲ. ಹೆಣ್ಣಿನ ಕಡೆ, ಗಂಡಿನ ಕಡೆ ಅಂತ ದೊಡ್ಡ ಅಕ್ಷರದಲ್ಲಿ ಬೋರ್ಡು ಇರಲಿ.

ಬೆಳಕು_ನೆರಳು_ಬಳ್ಳಾರಿ
ಫೋಟೋ ಕಡೆಯಿಂದ ಹೇಳೋದಾದ್ರೆ, 45 ನಿಮಿಷ ಮಧ್ಯಾಹ್ನಕ್ಕೆ ಬೇಕಾಗೇ ಇಲ್ಲ. ಮೇ ತಿಂಗಳಲ್ಲಿ 12:30ಕ್ಕೆ ಸೂರ್ಯ ನೆತ್ತಿ ಮೇಲೆ ಇರ್ತಾನೆ. ಹೊರಗೆ ನಿಲ್ಲಿಸಿದ್ರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಮೂಗಿನ ಕೆಳಗೆ ಮೀಸೆ ಥರ ನೆರಳು, ಹುಡುಗಿ ಮೇಕಪ್ಪು ಹತ್ತು ನಿಮಿಷಕ್ಕೆ ಇಳಿಯುತ್ತೆ. ಜೋಡಿ ಫೋಟೋನ ಸಂಜೆಗೆ ಹಾಕ್ರಿ. ಮೇ ನಡುವೆ ನಮ್ಮಲ್ಲಿ ಸೂರ್ಯ ಮುಳುಗೋದು 6:40ರ ಸುಮಾರು. 5:45ರಿಂದ ಬೆಳಕು ಚೆನ್ನಾಗಿರುತ್ತೆ. ಭಾನುವಾರ ಆದ್ರೆ ಮಾತ್ರ 4:30ರಿಂದ 6ರವರೆಗೆ ರಾಹುಕಾಲ, ಹಿರಿಯರು ಹೊಸ್ತಿಲು ದಾಟಿಸಲ್ಲ. ಆರು ಹೊಡೆದ ಮೇಲೆ ಉಳಿಯೋ 40 ನಿಮಿಷವೇ ನಿಮ್ಮದು. ಜಾಗ ಮೊದಲೇ ನೋಡಿಟ್ಟುಕೊಳ್ರಿ.

ಮಧ್ಯಾಹ್ನ ಉಳಿಯೋದು ಮನೆಯವರ ಫೋಟೋ. ಅದಕ್ಕೆ 12 ಗುಂಪಿನ ಪಟ್ಟಿ ಸಾಕು. ಒಂದಕ್ಕೆ ಒಂದೂವರೆ ನಿಮಿಷ, 18 ನಿಮಿಷದಲ್ಲಿ ಮುಗೀತು. ಕ್ರಮ ಮುಖ್ಯ: ಎಲ್ಲಕ್ಕಿಂತ ದೊಡ್ಡ ಗುಂಪು ಮೊದಲು ನಿಲ್ಲಿಸಿ, ಆಮೇಲೆ ಒಬ್ಬೊಬ್ಬರನ್ನ ಇಳಿಸ್ತಾ ಹೋಗ್ರಿ. ಸಣ್ಣದರಿಂದ ದೊಡ್ಡದಕ್ಕೆ ಹೋದ್ರೆ ಪ್ರತಿ ಸಲ ‘ಇನ್ನೊಬ್ಬರು ಬರಬೇಕು’ ಅಂತ ಕಾಯ್ತೀರಿ. ಎರಡೂ ಕಡೆಯಿಂದ ಮುಖ ಗೊತ್ತಿರೋ ಒಬ್ಬೊಬ್ಬರು ಪಟ್ಟಿ ಹಿಡಿದು ನಿಲ್ಲಲಿ. ಫೋಟೋದವರಿಗೆ ಯಾರು ಸೋದರಮಾವ, ಯಾರು ದೊಡ್ಡಪ್ಪ ಹೇಗೆ ಗೊತ್ತಾಗಬೇಕು? ಯಾವಾಗ್ಲೂ ಸಿಗದೇ ಇರೋ ಮನುಷ್ಯ ಅಂದ್ರೆ ಬಡಿಸೋದರ ಮೇಲ್ವಿಚಾರಣೆ ವಹಿಸಿಕೊಂಡ ಕಾಕಾ. ಅವರ ಹೆಸರಿರೋ ಗುಂಪು ಮೊದಲ ಮೂರರಲ್ಲಿ ಮುಗಿಸಿ ಅಡುಗೆಮನೆಗೆ ಬಿಟ್ಟುಬಿಡ್ರಿ.

ವೇದಿಕೆ ಹಿಂದೆ ಎಲ್‌ಇಡಿ ಗೋಡೆ ಇದ್ರೆ ಗುಂಪಿನ ಫೋಟೋ ಹೊತ್ತಿಗೆ ಅದರಲ್ಲಿ ಓಡೋ ಹೂವು, ಹೃದಯ ಎಲ್ಲ ನಿಲ್ಲಿಸಿ ಒಂದೇ ತಿಳಿ ಬಣ್ಣ ಇಡಿ. ಇಲ್ಲಾಂದ್ರೆ ಒಂದು ಫೋಟೋದಲ್ಲಿ ಅಜ್ಜಿ ಕೆನ್ನೆ ನೀಲಿ, ಮುಂದಿನದರಲ್ಲಿ ಗುಲಾಬಿ. ಫ್ಲ್ಯಾಶ್ ಪೂರ್ತಿ ಶಕ್ತಿಗೆ ಇಟ್ರೆ ಸೆಲ್ ಮೇಲೆ ಓಡೋ ಸಣ್ಣ ಫ್ಲ್ಯಾಶು ಮತ್ತೆ ತುಂಬಿಕೊಳ್ಳೋಕೆ ಮೂರು ನಾಲ್ಕು ಸೆಕೆಂಡು ತಗೊಳ್ಳುತ್ತೆ. ಎರಡು ಫ್ಲ್ಯಾಶು ಅರ್ಧ ಶಕ್ತಿಗೆ ಇಡೋದು ವಾಸಿ.

ವೇದಿಕೆ ಸಾಲಿನ 25 ಸೆಕೆಂಡನ್ನ 15ಕ್ಕೆ ಇಳಿಸಬಹುದು. ಒಂದು ಕಡೆ ಹತ್ತೋ ಮೆಟ್ಟಿಲು, ಇನ್ನೊಂದು ಕಡೆ ಇಳಿಯೋ ಮೆಟ್ಟಿಲು. ಉಡುಗೊರೆ, ಲಕೋಟೆ ಮೆಟ್ಟಿಲ ಕೆಳಗೇ ಒಬ್ಬರು ತಗೊಳ್ಳಲಿ. ಮೇಲೆ ಹೋದ ಮೇಲೆ ಜೇಬು ತಡಕಾಡೋದು, ಲಕೋಟೆಗೆ ಹೆಸರು ಬರೆಯೋದು, ಇದರಲ್ಲೇ ಹೊತ್ತು ಹೋಗೋದು. 200 ಗುಂಪು 50 ನಿಮಿಷಕ್ಕೆ ಮುಗಿಯುತ್ತೆ.

ಕೋಟೆಬಾಗಿಲು_ಕೊಪ್ಪಳ
ಇದು ಛಲೋ ಆತ್ರಿ. ಒಂದು ಕೇಳೋದಿತ್ತು: ಹುಡುಗನ ಗೆಳೆಯರು ಮಧ್ಯಾಹ್ನನ ಆನೆಗೊಂದಿ ಕಡೆ, ಇಲ್ಲಾಂದ್ರ ಹಂಪಿಗೆ ಹೋಗಿ ತೆಗೆಸೋಣ ಅಂತಾರ.

ಬೆಳಕು_ನೆರಳು_ಬಳ್ಳಾರಿ
ಮದುವೆ ದಿನ ಬೇಡ. ಕೊಪ್ಪಳದಿಂದ ಹಂಪಿಗೆ ಹೋಗಿ ಬರೋದರಲ್ಲೇ ಎರಡು ತಾಸು. ಸ್ಮಾರಕಗಳ ಒಳಗೆ ಟ್ರೈಪಾಡ್, ಲೈಟ್ ಇಟ್ಟು ತೆಗೀಬೇಕಂದ್ರೆ ಪುರಾತತ್ವ ಇಲಾಖೆ ಅನುಮತಿ ಮೊದಲೇ ಬೇಕು, ಬಾಗಿಲಲ್ಲಿ ಹೋಗಿ ಕೇಳಿದ್ರೆ ಸಿಗಲ್ಲ.

ಸೋಬಾನ_ಅಕ್ಕ
ಕಂಕಣ ಕಟ್ಟಿದ ಮ್ಯಾಲೆ ಹೊಳಿ ದಾಟಬಾರದು, ಸೀಮಿ ದಾಟಬಾರದು ಅನ್ನೋ ಮನಿತನ ಭಾಳ ಅದಾವ. ಆನೆಗೊಂದಿ ಹೊಳಿ ಈ ಕಡೆ, ಹಂಪಿ ಆ ಕಡೆ. ಕೇಳದ ಹೊರಟ್ರ ಅಲ್ಲೇ ಜಗಳ. ಹಂಗ ಬಾಸಿಂಗದ್ದೂ. ‘ಮುಖ ಕಾಣಸವಲ್ದು, ಬಿಚ್ಚಿ ಕೊಡ್ರಿ’ ಅಂತಾರ ಫೋಟೋದವರು. ಅದನ್ನ ಬಿಚ್ಚೋ ಹೊತ್ತು ಮನಿ ಹಿರೇರು ಹೇಳಬೇಕು, ಕ್ಯಾಮೆರಾದವರಲ್ಲ. ಬಾಸಿಂಗ ಇಟ್ಟ ಫೋಟೋ ಮಧ್ಯಾಹ್ನ, ಬಿಚ್ಚಿದ್ದು ಸಂಜಿಗೆ, ಅಷ್ಟ.

ಅಡಿಗಿಮನಿ_ಸಿಂಧನೂರು
ನೀವೆಲ್ಲಾ ಫೋಟೋ ಹೇಳಿದ್ರಿ, ನಾ ಹೊಟ್ಟಿ ಬಗ್ಗೆ ಹೇಳತೀನಿ. ಮೇ ತಿಂಗಳು, ಮಟಮಟ ಮಧ್ಯಾಹ್ನ. ಮಂದಿ ಕೈಯಾಗ ತಂಪಂದು ಒಂದು ಗ್ಲಾಸ್ ಇದ್ರ ಅರ್ಧ ತಾಸು ಯಾರೂ ಬಾಯಿ ಬಿಡಂಗಿಲ್ಲ.

ಮಜ್ಜಿಗಿ ಮಾಡ್ರಿ. 800 ಮಂದಿಗೆ ತಲಾ 150 ಮಿ.ಲೀ. ಅಂದ್ರ 120 ಲೀಟರ್. ಮೊಸರು 30 ಲೀಟರ್, ನೀರು 90. ಉಪ್ಪು ಲೀಟರಿಗೆ 5 ಗ್ರಾಂ ಲೆಕ್ಕದಾಗ 600 ಗ್ರಾಂ, ಮೊದಲು 500 ಹಾಕಿ ರುಚಿ ನೋಡಿ ಉಳಿದದ್ದು ಹಾಕ್ರಿ. ಹಸಿ ಶುಂಠಿ ಅರ್ಧ ಕಿಲೋ ಜಜ್ಜಿ ರಸ ಹಿಂಡಬೇಕು, ತುಣುಕು ಹಾಕಬಾರದು, ನಳದ ಬಾಯಿ ಕಟ್ಟತದ. ಕೊತ್ತಂಬರಿ, ಕರಿಬೇವೂ ಹಂಗ: ರುಬ್ಬಿ ಸೋಸಿ ಹಾಕ್ರಿ.

ಕೆಡೋದು ಎಲ್ಲಿ? ಮುಂಜಾನಿ ಎಂಟಕ್ಕ ಕಲಸಿ ಇಡ್ತಾರ, 12ಕ್ಕ ಹುಳಿ ಹತ್ತಿ ಕುಡಿಯೋಕ ಬರಂಗಿಲ್ಲ. ಮೊಸರು ಬ್ಯಾರೆ, ತಣ್ಣನ ನೀರು ಬ್ಯಾರೆ ಇಡ್ರಿ. ಮುಹೂರ್ತಕ್ಕ ಅರ್ಧ ತಾಸು ಇದ್ದಾಗ, ಅಂದ್ರ 11:40ಕ್ಕ ಕೂಡಸ್ರಿ. ಐಸಿನ ಗಡ್ಡಿ ಮಜ್ಜಿಗಿ ಒಳಗ ಹಾಕಬ್ಯಾಡ್ರಿ. ಅದು ಯಾವ ನೀರಿಂದು ಅಂತ ಯಾರಿಗೂ ಗೊತ್ತಿರಂಗಿಲ್ಲ, ಮ್ಯಾಲೆ ಹೊಟ್ಟು ಹತ್ತಿರತದ. ದೊಡ್ಡ ಬುಟ್ಟ್ಯಾಗ ಐಸು, ಅದರ ನಡುವ ಕ್ಯಾನು.

ಹಂಚೋದು: ನಳ ಇರೋ 20 ಲೀಟರಿನ ಸ್ಟೀಲ್ ಕ್ಯಾನ್ ಆರು. ನಾಲ್ಕು ನಳ ಒಮ್ಮೆ ಓಡಿದ್ರ, ಗ್ಲಾಸಿಗೆ 5 ಸೆಕೆಂಡು, ನಿಮಿಷಕ್ಕ 48 ಗ್ಲಾಸು. 500 ಮಂದಿಗೆ ಹತ್ತು ಹನ್ನೊಂದು ನಿಮಿಷ. ನಾಲ್ಕೂ ಒಂದೇ ಮೂಲ್ಯಾಗ ಇಟ್ರ ಅಲ್ಲೇ ನೂಕುನುಗ್ಗಲು, ನಾಲ್ಕು ಮೂಲಿಗೆ ಇಡ್ರಿ. ವಯಸ್ಸಾದವರಿಗೆ ಇಬ್ಬರು ಹುಡುಗರು ತಾಟಿನಾಗ ಒಯ್ದು ಕೊಡಲಿ. ಪ್ರತಿ ಕ್ಯಾನಿನ ಬಾಜೂಕ ಒಂದು ಕಸದ ಬುಟ್ಟಿ, ಇಲ್ಲಾಂದ್ರ ಖಾಲಿ ಗ್ಲಾಸು ಕುರ್ಚಿ ಕೆಳಗ, ಆಮೇಲೆ ಯಾರದೋ ರೇಷ್ಮಿ ಸೀರಿ ಮ್ಯಾಲೆ.

ಪಾನಕ ಬೇಕಂದ್ರ ಲೀಟರ್ ನೀರಿಗೆ ಬೆಲ್ಲ 100 ಗ್ರಾಂ, ಒಂದು ನಿಂಬಿಹಣ್ಣು, ಏಲಕ್ಕಿ, ಒಣಶುಂಠಿ. ಶುಗರ್ ಇದ್ದವರು ಇರತಾರ, ಹಂಗಾಗಿ ಪಾನಕ ಒಂದ ಮಾಡಿ ಮಜ್ಜಿಗಿ ಬಿಡಬ್ಯಾಡ್ರಿ.

ಕೋಟೆಬಾಗಿಲು_ಕೊಪ್ಪಳ
ಒಗ್ಗರಣಿ ಮಿರ್ಚಿ ಕೊಟ್ರ?

ಅಡಿಗಿಮನಿ_ಸಿಂಧನೂರು
ಮುಂಜಾನಿ ನಾಷ್ಟಕ್ಕ ಕೊಡ್ರಿ, 12:30ಕ್ಕ ಬ್ಯಾಡ. ಒಗ್ಗರಣಿಗೆ ನೆನಸಿ ಹಿಂಡಿದ ಮಂಡಾಳ (ಮಂಡಕ್ಕಿ) ಅರ್ಧ ತಾಸಿಗೆ ಬಿರುಸಾಗತದ, ಮಿರ್ಚಿ ಆರಿದ್ರ ಹಿಟ್ಟು ಮೆತ್ತಗಾಗಿ ಮೆಣಸಿನಕಾಯಿ ಬ್ಯಾರೆ ತೊಗಲು ಬ್ಯಾರೆ. ಅದಕ್ಕಿಂತ ಹೆಚ್ಚಂದ್ರ, ಎರಡು ಮಿರ್ಚಿ ತಿಂದವ ಗೋಧಿ ಹುಗ್ಗಿ ಎಲಿ ಮ್ಯಾಲೆ ಬಿಟ್ಟು ಏಳತಾನ. 800 ಮಂದಿ ಹುಗ್ಗಿ ಉಳಿದ್ರ ಯಾರಿಗೆ ಕೊಡತೀರಿ?

ಮೂರನೇ, ನಾಲ್ಕನೇ ಪಂಕ್ತಿತನಕ ಕಾಯೋರಿಗೆ ಒಣ ಚೂಡಾ ಸಾಕು. 1 ಕಿಲೋ ಮಂಡಾಳ, ಶೇಂಗಾ 250, ಪುಟಾಣಿ (ಹುರಿಗಡಲೆ) 200, ಎಣ್ಣಿ 150 ಗ್ರಾಂ ಹಿಡಿದ್ರ 30 ಗ್ರಾಮಿನ 50 ಪೊಟ್ಟಣ. 500 ಮಂದಿಗೆ 10 ಕಿಲೋ ಮಂಡಾಳ. ಹಿಂದಿನ ದಿನ ಬಿಸಿಲಿಗೆ ಅರ್ಧ ತಾಸು ಹಾಕಿ ಗರಿಗರಿ ಮಾಡಿಕೊಂಡು ಆಮೇಲೆ ಕಲಸ್ರಿ. ಅರಿಶಿಣ, ಖಾರದ ಪುಡಿ ಕುದಿಯೋ ಎಣ್ಣಿಗೆ ಹಾಕಿದ್ರ ಹೊತ್ತಿ ಕರ್ರಗಾಗತದ. ಒಲಿ ಆರಿಸಿದ ಮ್ಯಾಲೆ ಹಾಕಬೇಕು. ಕಾಗದದ ಪೊಟ್ಟಣ ಕಟ್ಟಿದ್ರ ಒಂದು ಕೈಯಾಗ ಚೂಡಾ, ಒಂದು ಕೈಯಾಗ ಮಜ್ಜಿಗಿ.

ಮಂಟಪದ_ಉಸ್ತುವಾರಿ
ಮೊದಲ ಪಂಕ್ತಿಗೆ ಚೀಟಿ ಕೊಡುವುದು ಒಳ್ಳೆಯದು: ದೂರದ ಊರಿನವರು, ವೃದ್ಧರು, ಹಸುಗೂಸಿನ ತಾಯಂದಿರು, ಔಷಧಿ ತೆಗೆದುಕೊಳ್ಳುವವರು. 200 ಚೀಟಿ, ಒಂದು ಹೆಚ್ಚಿಗೆ ಬೇಡ. 205 ಕೊಟ್ಟರೆ ಆ ಐದು ಜನ ಎಲೆ ಹಿಂದೆ ನಿಂತು ಉಣ್ಣುವವರನ್ನೇ ನೋಡುತ್ತಿರುತ್ತಾರೆ.

ತಂಬೂರಿ_ಗಂಗಾವತಿ
ಆರ್ಕೆಸ್ಟ್ರಾ ಬ್ಯಾಡ ಅಂತ ಯಾರೂ ಅನ್ನಲಿಲ್ಲಲ್ಲ? 800 ಜನರ ಹಾಲಿನಾಗ ದನಿ ತುಂಬಬೇಕಂದ್ರ ಆರ್ಕೆಸ್ಟ್ರಾನ ಬೇಕು. ಹುಡುಗರು ಕುಣೀತಾರ, ಮಂದಿ ನೋಡತಾರ, 45 ನಿಮಿಷ ಹೋಗಿದ್ದ ಗೊತ್ತಾಗಂಗಿಲ್ಲ.

ಮೈಕ್‌ಸೆಟ್_ಕಂಪ್ಲಿರೋಡ್
ಸಂಜೆ ಆರತಕ್ಷತೆಗೆ ಒಪ್ಪತೀನಿ, ಮಧ್ಯಾಹ್ನಕ್ಕೆ ಒಪ್ಪಲ್ಲ. ಕೀಬೋರ್ಡು, ಪ್ಯಾಡು, ಮೂರು ನಾಲ್ಕು ಗಾಯಕರ ಮೈಕು ಎಲ್ಲ ಹೊಂದಿಸೋಕೆ 40 ನಿಮಿಷ ಬೇಕು, ಆ 40 ನಿಮಿಷ ಸರಿಯಾಗಿ ಶಾಸ್ತ್ರದ ಹೊತ್ತಿಗೆ ಬೀಳುತ್ತೆ. ಐನೋರು ಮಂತ್ರ ಹೇಳ್ತಿದ್ರೆ ಈ ಕಡೆ ‘ಹಲೋ ಹಲೋ ಚೆಕ್’. ಎರಡನೇದು, ನಮ್ಮ ಕಡೆ ಮದುವೆಗೆ ಬರೋ ಜನಕ್ಕೆ ಮುಖ್ಯ ಮನರಂಜನೆ ಮಾತು. ವರ್ಷಗಟ್ಟಲೆ ನೋಡದ ಬೀಗರು ಸಿಕ್ಕಿರ್ತಾರೆ. ಬಾಜೂ ಕೂತವರ ಮಾತು ಕೇಳಿಸದಷ್ಟು ಸದ್ದು ಮಾಡಿದ್ರೆ ಎದ್ದು ಹೊರಗೆ ಹೋಗ್ತಾರೆ, ಹೊರಗೆ ಬಿಸಿಲು.

ಮೂವರ ಮೇಳ ಸಾಕು: ಒಂದು ಹಾರ್ಮೋನಿಯಂ, ಒಂದು ತಬಲಾ, ಹಾಡೋರು ಒಬ್ಬರು. ದಾಸರ ಪದ, ವಚನ, ತತ್ವಪದ. ಎರಡು ಮೈಕಲ್ಲಿ ಮುಗಿಯುತ್ತೆ. ಮುಂದೆ ಎರಡು ದೊಡ್ಡ ಪೆಟ್ಟಿಗೆ ಇಟ್ಟು ಜೋರು ಮಾಡೋ ಬದಲು ಮುಂದೆ ಎರಡು, ಹಾಲಿನ ನಡುವೆ ಎರಡು ಇಟ್ಟು ಸಣ್ಣಗೆ ಇಡ್ರಿ. ಎಲ್ಲರಿಗೂ ಕೇಳುತ್ತೆ, ಯಾರ ಕಿವಿಗೂ ಹೊಡೆಯಲ್ಲ. ಮೈಕು ಹಿಡಿದವರು ಪೆಟ್ಟಿಗೆ ಮುಂದೆ ಹೋಗಬಾರದು, ಹೋದ್ರೆ ಕೂಗುತ್ತೆ. ಮಕ್ಕಳ ಕೈಗೆ ಮೈಕು ಕೊಟ್ಟಾಗ ಆಗೋದೇ ಅದು. ಕಾರ್ಡ್‌ಲೆಸ್ ಮೈಕಿಗೆ ಹೊಸ ಸೆಲ್ಲು ಮುಹೂರ್ತಕ್ಕೆ ಮೊದಲು ಹಾಕಿ, ಒಂದು ಜೊತೆ ಜೇಬಲ್ಲಿ ಇರಲಿ.

ಕರೆಂಟು ಹೋದ್ರೆ ಜನರೇಟರ್ ಎತ್ತಿಕೊಳ್ಳೋಕೆ 10–20 ಸೆಕೆಂಡು. ಅಷ್ಟರಲ್ಲಿ ಡಿಜಿಟಲ್ ಮಿಕ್ಸರ್ ಆರಿ ಮತ್ತೆ ಏಳೋಕೆ ಇನ್ನೊಂದು ನಿಮಿಷ. ಮಿಕ್ಸರು, ಮೈಕಿನ ರಿಸೀವರು ಇವೆರಡನ್ನ ಕಂಪ್ಯೂಟರಿಗೆ ಹಾಕೋ 600 ವಿಎ ಯುಪಿಎಸ್‌ಗೆ ಕೊಡ್ರಿ. ಆಂಪ್ಲಿಫೈಯರ್ ಅದಕ್ಕೆ ಕೊಡಬೇಡ್ರಿ, ತಾಳಲ್ಲ.

ಬಯಲಲ್ಲಿ ಧ್ವನಿವರ್ಧಕ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇಲ್ಲ, 2000ದ ಶಬ್ದಮಾಲಿನ್ಯ ನಿಯಮ. ಸಂಜೆ ಆರ್ಕೆಸ್ಟ್ರಾ ಇಟ್ಟರೆ ಇದು ನೆನಪಿರಲಿ.

ತಂಬೂರಿ_ಗಂಗಾವತಿ
ಸರಿರಿ ಸರ, ಸಂಜಿಗೆ ಒಯ್ತೀವಿ. ಸಿನಿಮಾ ಹಾಡು ಹಾಕಿದ್ರ ಲೈಸೆನ್ಸು ಅದು ಇದು ಅಂತ ಕೇಳತಾರಂತಲ್ಲ?

ಮೈಕ್‌ಸೆಟ್_ಕಂಪ್ಲಿರೋಡ್
1957ರ ಕೃತಿಸ್ವಾಮ್ಯ ಕಾಯ್ದೆ 52(1)ರಲ್ಲಿ ‘ಝಡ್‌ಎ’ ಅಂತ ಒಂದು ಉಪಕಲಮು ಇದೆ. ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಪಟ್ಟ ಸಾಮಾಜಿಕ ಸಂಭ್ರಮವೂ ಅದರಲ್ಲಿ ಸೇರುತ್ತೆ ಅಂತ ವಿವರಣೆಯಲ್ಲೇ ಬರೆದಿದೆ. ಮಂಟಪದವರಿಗೆ ಅದನ್ನೇ ತೋರಿಸ್ರಿ.

ಸೋಬಾನ_ಅಕ್ಕ
ಗಂಡಸರು ಮೈಕು ಪೆಟ್ಟಿಗಿ ಮುಗಿಸಿದ್ರ ನಾ ಒಂದು ಹೇಳತೀನಿ. ಒಡಪು ಇಡ್ರಿ. ರೊಕ್ಕ ಬ್ಯಾಡ, ಸಾಮಾನು ಬ್ಯಾಡ, ಒಂದು ಮೈಕು ಸಾಕು. ಗಂಡನ ಹೆಸರು ಒಡಪಿನಾಗ ಇಟ್ಟು ಹೇಳೋದು ನೋಡಾಕ ಇಡೀ ಹಾಲು ಸುಮ್ಮನಾಗತೈತಿ.

ಹೆಂಗ ಅಂದ್ರ: ಹಿಂದಿನ ದಿನ ಅರಿಶಿಣದ ಹೊತ್ತಿನಾಗ ಎರಡೂ ಕಡೆಯಿಂದ ಎಂಟೆಂಟು ಹೆಣಮಕ್ಕಳ ಹೆಸರು ಬರಕೋರಿ. ಒಂದು ಒಡಪಿಗೆ ಅರ್ಧ ನಿಮಿಷ, ನಗಿ ಚಪ್ಪಾಳಿಗೆ ಇನ್ನರ್ಧ. ಹದಿನಾರು ನಿಮಿಷ ಆತು. ಒಮ್ಮೆ ಹೆಣ್ಣಿನ ಕಡೆ, ಒಮ್ಮೆ ಗಂಡಿನ ಕಡೆ, ಹಿಂಗ ಅದಲ ಬದಲ ಕರೀಬೇಕು, ಆವಾಗ ಚುರುಕು ಬರತೈತಿ. ಮೊದಲನೇದವರು ಧೈರ್ಯದವರಿರಲಿ, ಮೊದಲನೇದು ತಡವರಿಸಿದ್ರ ಹಿಂದಿನವರೆಲ್ಲಾ ‘ನಾ ಒಲ್ಲೆವಾ’ ಅಂತಾರ. ಹೊಸಾಕಿಗೆ ಬರದಿದ್ರ ಹಿಂಗೊಂದು ಕಲಿಸಿಕೊಡ್ರಿ:

ಟಿಬಿ ಡ್ಯಾಮಿಗೆ ನೀರ ಬಂತು, ಗಂಗಾವತಿ ಗದ್ದಿ ಆತು ಹಸರ,
ಇಷ್ಟ ಮಂದಿ ಮುಂದ ಹ್ಯಾಂಗ ಹೇಳಲಿ ನಮ್ಮವರ ಹೆಸರ?

ಇಷ್ಟು ಹೇಳಿ ನಿಂತುಬಿಡಬೇಕು. ಮಂದಿ ‘ಹೇಳs ಹೇಳs’ ಅಂತ ಒದರತಾರ. ಮೂರು ಸಲ ಒದರಿಸಿಕೊಂಡು ಆಮೇಲೆ ಹೆಸರು. ಆ ನಿಲ್ಲೋದರಾಗ ಐತಿ ಎಲ್ಲಾ ಸ್ವಾರಸ್ಯ, ಗಡಿಬಿಡಿ ಮಾಡಿ ಹೇಳಿದ್ರ ಸಪ್ಪಗ.

ಒಂದು ಮಾತು, ಮೈಕು ಹಿಡಕೊಂಡು ಕುರ್ಚಿ ಕುರ್ಚಿಗೆ ಹೋಗಿ ಸಿಕ್ಕವರ ಬಾಯಿಗೆ ಹಿಡೀಬ್ಯಾಡ್ರಿ. ಗಂಡನ್ನ ಕಳಕೊಂಡವರಿರತಾರ, ಬಿಟ್ಟು ಬಂದವರಿರತಾರ. ಹೆಸರು ಮೊದಲ ಬರಕೋ ಅಂದಿದ್ದು ಅದಕ್ಕ. ತಾವಾಗಿ ಬಂದು ಮಗನ ಹೆಸರಿಗೆ, ಅಣ್ಣನ ಹೆಸರಿಗೆ ಒಡಪು ಹೇಳತೀನಿ ಅಂದ್ರ ಹೇಳಲಿ, ಯಾಕ ಬ್ಯಾಡ?

ಗೆದ್ದವರಿಗೆ ಸ್ಟೀಲ್ ಡಬ್ಬಿ ಕೊಡೋ ಬದಲು ಕಿನ್ನಾಳದ ಸಣ್ಣ ಗೊಂಬಿ ಕೊಡ್ರಿ. ಕೊಪ್ಪಳದ ಬಾಜೂಕನ ಐತಿ ಊರು.

ಬಣ್ಣದ_ಮನಿ
ಜನಪದ ಕಲೆ ಬೇಕೆನ್ನುವವರಿಗೆ: ಯಾವುದು ಯಾವ ಹೊತ್ತಿಗೆ ಅನ್ನುವುದು ನೋಡಿಕೊಳ್ಳಿ. ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟ ಬಹಳ ಚೆಂದ. ಆದರೆ ಅದು ಬಿಳಿ ಪರದೆಯ ಹಿಂದೆ ದೀಪ ಇಟ್ಟು ಆಡಿಸುವುದು. ಕಿಟಕಿ ತೆರೆದ ಹಾಲಿನಲ್ಲಿ ಮಧ್ಯಾಹ್ನ ಪರದೆ ಮೇಲೆ ಏನೂ ಕಾಣುವುದಿಲ್ಲ. ಸಂಜೆಗಿಡಿ. ಡೊಳ್ಳು ಹಾಲಿನ ಒಳಗೆ ಬೇಡವೇ ಬೇಡ. ತಗಡಿನ ಸೂರು, ಎಂಟು ಡೊಳ್ಳು, ಹಸುಗೂಸುಗಳು: ಐದು ನಿಮಿಷಕ್ಕೆ ತಾಯಂದಿರೆಲ್ಲ ಹೊರಗೆ. ದಿಬ್ಬಣ ಬರುವಾಗ ಅಂಗಳದಲ್ಲಿ ಬಾರಿಸಲಿ.

ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು ಹಗಲುವೇಷ. ಹೆಸರೇ ಹೇಳುವಂತೆ ಹಗಲಿನಲ್ಲಿ ಹಾಕುವ ವೇಷ. ವೇದಿಕೆ ಬೇಡ, ಪರದೆ ಬೇಡ. ಹಾರ್ಮೋನಿಯಂ, ತಬಲಾದೊಂದಿಗೆ ಜನರ ನಡುವೆಯೇ ನಡೆದು ಬರುತ್ತಾರೆ. ಕುರ್ಚಿ ಸಾಲುಗಳ ಮಧ್ಯೆ ನಾಲ್ಕು ಅಡಿ ದಾರಿ ಬಿಡಿ, ಇಲ್ಲದಿದ್ದರೆ ಭೀಮನ ಗದೆ ಯಾರದೋ ತಲೆಗೆ. ಬಣ್ಣ ಹಚ್ಚಿಕೊಳ್ಳಲು ಎರಡು ತಾಸು ಮೊದಲು ಒಂದು ಕೋಣೆ, ಕನ್ನಡಿ, ನೀರು ಕೊಡಬೇಕು. ಮತ್ತೆ ಅವರ ಊಟ: ಬಣ್ಣ ತೆಗೆದು ಬರುವ ಹೊತ್ತಿಗೆ ಕೊನೆಯ ಪಂಕ್ತಿ ಎದ್ದಿರುತ್ತದೆ. ಅವರಿಗೆ ಬೇರೆಯೇ ಎತ್ತಿಡಲು ಅಡುಗೆಯವರಿಗೆ ಹೇಳಿರಿ.

ಎಣಿಕೆ_ರಾಯಚೂರು
ಹುಡುಗರು ಹೌಸಿ (ತಂಬೋಲಾ, ಕರೆದ ಸಂಖ್ಯಾ ಚೀಟಿಯೊಳಗ ಹೊಡೆಯೋ ಆಟ) ಆಡಸ್ರಿ ಅಂತಾರ ಈಗ. ಆಡಸಬಹುದು, ಲೆಕ್ಕ ಇಟ್ಟು. ಚೀಟಿಯೊಳಗ 15 ಸಂಖ್ಯಾ, ಒಟ್ಟು 90. ನೂರು ಚೀಟಿ ಹಂಚಿದ್ರ ಯಾರೋ ಒಬ್ಬರ ಚೀಟಿ ಪೂರ್ತಿ ತುಂಬೋದು 65–70 ಸಂಖ್ಯಾ ಕರೆದ ಮ್ಯಾಲೆ. ಒಂದಕ್ಕ 8 ಸೆಕೆಂಡು ಅಂದ್ರ 9 ನಿಮಿಷ, ಗೆದ್ದ ಚೀಟಿ ತಾಳೆ ನೋಡೋದು ಸೇರಿ 15 ನಿಮಿಷ. ಗದ್ದಲದ ಹಾಲಿನಾಗ ‘ಅರವತ್ತಾರು’ ‘ಎಪ್ಪತ್ತಾರು’ ಒಂದೇ ಥರ ಕೇಳತದ. ‘ಆರು, ಆರು’ ಅಂತ ಬಿಡಿಬಿಡಿ ಹೇಳಬೇಕು, ಬೋರ್ಡ್ ಮ್ಯಾಲೂ ಬರೀಬೇಕು. ಚೀಟಿಗೆ ರೊಕ್ಕ ತಗೋಬ್ಯಾಡ್ರಿ, ಮದುವಿಮನ್ಯಾಗ ಜೂಜು ಅನಿಸ್ಕೋಬಾರದು. ಪೆನ್ನು ಮರೀತಾರ. ಚೀಟಿ ಜೋಡಿನ ಹಾಕಿಡ್ರಿ, ಇಲ್ಲಾಂದ್ರ ಸಂಖ್ಯಾ ಹರಿದು ತೂತು ಮಾಡೋ ಥರ ದಪ್ಪ ಕಾಗದಾಗ ಮುದ್ರಸ್ರಿ.

ಮಕ್ಕಳಿಗೆ ಹೌಸಿ ಬ್ಯಾಡ, ಚೌಕಾಬಾರಾ. ಹಾಲಿನ ಹಿಂದ ನೆಲದ ಮ್ಯಾಲೆ ಸೀಮೆಸುಣ್ಣದಾಗ ಐದೈದು ಮನಿ ಗೆರಿ ಹಾಕಿ, ನಾಲ್ಕೂ ದಿಕ್ಕಿನ ನಡು ಮನಿಗೂ ಒಳಗಿನ ನಡುಮನಿಗೂ ಅಡ್ಡಗೆರಿ ಎಳೀರಿ. ಒಂದು ಆಟಕ್ಕ ನಾಲ್ವರು, ತಲಾ ನಾಲ್ಕು ಕಾಯಿ. ಕವಡಿ ಸಿಗದಿದ್ರ ಹುಣಸಿ ಬೀಜ ಒಂದು ಬಾಜೂ ಕಲ್ಲಿಗೆ ಉಜ್ಜಿ ಬೆಳ್ಳಗ ಮಾಡ್ರಿ. ನಾಲ್ಕೂ ಬೆಳ್ಳಗ ಬಿದ್ರ ಚೌಕಾ ನಾಲ್ಕು, ನಾಲ್ಕೂ ಕರ್ರಗ ಬಿದ್ರ ಬಾರಾ ಎಂಟು. ಆರು ಆಟ ಗೆರಿ ಹಾಕಿದ್ರ 24 ಹುಡುಗರು ವೇದಿಕಿ ಮ್ಯಾಲೆ ಓಡಾಡಂಗಿಲ್ಲ, ಫೋಟೋದವರ ಲೈಟಿನ ಕಂಬ ಬೀಳಂಗಿಲ್ಲ. ಮೂರು ವರ್ಷದೊಳಗಿನ ಕೂಸುಗಳನ್ನ ಮಾತ್ರ ಆ ಕಡೆ ಬಿಡಬ್ಯಾಡ್ರಿ, ಬೀಜ ಬಾಯಿಗೆ ಹಾಕ್ಕೋತಾವ.

ಕೋಟೆಬಾಗಿಲು_ಕೊಪ್ಪಳ
ಎಲ್ಲಾ ಬರಕೊಂಡೆ. ಕಡೀದಾಗಿ, ಕೂಲರ್ ಹತ್ತು ಹೇಳೀವಿ, ಸಾಕಾಗತಾವೇನು?

ಮಂಟಪದ_ಉಸ್ತುವಾರಿ
ಸಂಖ್ಯೆಗಿಂತ ಕಿಟಕಿ ಮುಖ್ಯ. ನೀರಿನ ಕೂಲರ್ ಒಣ ಗಾಳಿ ಇದ್ದಾಗ ಮಾತ್ರ ತಂಪು ಮಾಡುತ್ತದೆ. ಎಸಿ ಹಾಲಿನಂತೆ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಾಕಿದರೆ ಒಳಗಿನ ಗಾಳಿಯಲ್ಲಿ ನೀರಿನಂಶ ತುಂಬಿ ಅರ್ಧ ತಾಸಿಗೆ ಮೈ ಅಂಟು ಹತ್ತುತ್ತದೆ. ಕೂಲರಿನ ಬೆನ್ನು ಕಿಟಕಿಗೆ, ಎದುರು ಗೋಡೆಯ ಕಿಟಕಿ ತೆರೆದಿರಬೇಕು. ಹತ್ತರಲ್ಲಿ ಒಂದೂ ವೇದಿಕೆ ಕಡೆ ಮುಖ ಮಾಡದಿರಲಿ: ಆರತಿ ದೀಪ ಆರುತ್ತದೆ, ಫೋಟೋದಲ್ಲಿ ಹುಡುಗಿ ಕೂದಲು ಮುಖದ ಮೇಲೆ. ನೀರು ತುಂಬಲು ಒಬ್ಬ ಹುಡುಗನನ್ನು ಗೊತ್ತು ಮಾಡಿ, 12 ಗಂಟೆಗೆ ಎಲ್ಲ ಭರ್ತಿ ಇರಬೇಕು.

ಮೈಕ್‌ಸೆಟ್_ಕಂಪ್ಲಿರೋಡ್
ಒಡಪಿನ ಹೊತ್ತಿಗೆ ಮೈಕಿನ ಹತ್ತಿರದ ಎರಡು ಕೂಲರ್ ಆರಿಸಿರ್ರಿ. ಫ್ಯಾನಿನ ಗಾಳಿ ಮೈಕಿಗೆ ಹೊಡೆದ್ರೆ ಭರ್ರ್ ಅನ್ನೋದಷ್ಟೇ ಕೇಳೋದು, ಗಂಡನ ಹೆಸರು ಕೇಳಲ್ಲ.